ಕೋರ್ಟು, ದವಾಖಾನೆಯ ಕೆಲಸವಿಲ್ಲದೆ ವಿಜಯಪುರಕ್ಕೆ

ಏಪ್ರಿಲ್ ಬಂತೆಂದರೆ ಪತ್ರಿಕೆಗಳ ಪುರವಣಿಗಳಲ್ಲಿ ಪ್ರಾಗ್, ಲಿಸ್ಬನ್, ರೋಮ್‌ಗಳ ಬಣ್ಣದ ಚಿತ್ರಗಳು ಶುರು. ಮೂರು ದಿನ, ಎರಡು ರಾತ್ರಿ, ಒಂದೇ ಊರು. ಇದಕ್ಕೆ ‘ಸಿಟಿ ಬ್ರೇಕ್’ ಎಂದು ಹೆಸರು. ಯುರೋಪಿನವರಿಗೆ ಇದು ಸಲೀಸು. ವಿಮಾನ ಅಗ್ಗ, ಗಡಿಯಲ್ಲಿ ತಡೆಯುವವರಿಲ್ಲ, ಶುಕ್ರವಾರ ಕೆಲಸ ಮುಗಿಸಿ ಹೊರಟರೆ ರಾತ್ರಿಯ ಊಟಕ್ಕೆ ಬೇರೆ ದೇಶದಲ್ಲಿರಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಹೊರಡುವವರು ವೀಸಾ ಅರ್ಜಿ ಕೊಡಲಿಕ್ಕೇ ಮುಂಬೈ, ಬೆಂಗಳೂರಿನಂಥ ಊರಿಗೆ ಹೋಗಿ ಬರಬೇಕು. ಹೋಗುವ ಶಕ್ತಿ ಇದ್ದವರು ಹೋಗಲಿ, ಬೇಡವೆನ್ನುವುದಿಲ್ಲ. ಈ ಬರಹ ಉಳಿದವರಿಗಾಗಿ.

ಯುರೋಪಿನವರಿಂದ ನಾವು ಪುಕ್ಕಟೆಯಾಗಿ ಕಲಿಯಬಹುದಾದ ಒಂದು ಸಂಗತಿ ಇದರಲ್ಲಿದೆ. ಏನೂ ಕೆಲಸವಿಲ್ಲದೆ ಒಂದು ಊರಿಗೆ ಹೋಗುವುದು, ಅಲ್ಲಿ ರಾತ್ರಿ ತಂಗುವುದು. ನಮ್ಮ ನಾಲ್ಕೂ ತಾಲೂಕಿನ ಜನಕ್ಕೆ ವಿಜಯಪುರವೆಂದರೆ ಜಿಲ್ಲಾ ಕಚೇರಿ, ಕೋರ್ಟು, ದವಾಖಾನೆ, ಬೀಜ-ಗೊಬ್ಬರ, ಮದುವೆಯ ಜವಳಿ. ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಹಿಂತಿರುಗುತ್ತೇವೆ. ಯಾರನ್ನಾದರೂ ಕೇಳಿ ನೋಡಿ: ‘ಗೋಳಗುಮ್ಮಟಾ? ಏಳನೇ ಇಯತ್ತೆ ಇದ್ದಾಗ ಸಾಲಿ ಟ್ರಿಪ್‌ನ್ಯಾಗ ನೋಡೀನ್ರಿ.’ ಅಲ್ಲಿಗೆ ಮುಗಿಯಿತು. ದಿಲ್ಲಿಯಿಂದ, ಜರ್ಮನಿಯಿಂದ ಬಂದವರು ಟಿಕೆಟ್ ಸಾಲಿನಲ್ಲಿ ನಿಂತಿರುತ್ತಾರೆ, ನಾವು ಅದರ ಮಗ್ಗುಲಲ್ಲೇ ಹಾದು ದವಾಖಾನೆಯ ಚೀಟಿ ಹಿಡಿದು ಓಡುತ್ತಿರುತ್ತೇವೆ.

‘ಬ್ಯಾಸಿಗ್ಯಾಗ ಯಾರ ಹೋಗ್ತಾರ್ರೀ ಅಲ್ಲಿ, ಬಿಸಲಾಗ ಸುಟ್ಟುಕೊಳ್ಳಾಕ?’ ಎಂಬ ಮಾತು ಬಂದೇ ಬರುತ್ತದೆ. ನ್ಯಾಯವೇ. ಮೇ ತಿಂಗಳಲ್ಲಿ ನಮ್ಮಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಪ್ರವಾಸೋದ್ಯಮದವರೂ ಚಳಿಗಾಲದಲ್ಲೇ ಬನ್ನಿ ಎನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. 1490ರಿಂದ 1686ರವರೆಗೆ ಇಲ್ಲಿ ಆಳಿದ ಆದಿಲಶಾಹಿಗಳು ಈ ಬಿಸಿಲನ್ನು ತಿಂದು ಬದುಕಿದವರು. ಅವರು ಕಟ್ಟಿದ ದಪ್ಪ ಗೋಡೆ, ಎತ್ತರದ ಕಮಾನು, ಬಾವಡಿ, ಹೊಂಡ, ನೆಲದಡಿಯ ಕೊಳವೆಗಳೆಲ್ಲ ಬೇಸಿಗೆಯನ್ನು ಎದುರು ಹಾಕಿಕೊಂಡೇ ಹುಟ್ಟಿದವು. ಅವುಗಳ ಗುಟ್ಟು ತಿಳಿಯಬೇಕಾದರೆ ಬೇಸಿಗೆಯಲ್ಲೇ ಹೋಗಬೇಕು, ಆದರೆ ವೇಳೆ ನೋಡಿಕೊಂಡು. ಸೂರ್ಯ ಹುಟ್ಟುವ ಹೊತ್ತಿಗೆ ಹೊರಗೆ, ಹತ್ತರ ಮೇಲೆ ಒಳಗೆ, ಐದರ ಮೇಲೆ ಮತ್ತೆ ಹೊರಗೆ. 2023ರ ಜುಲೈನಲ್ಲಿ ಬಿಸಿಗಾಳಿಗೆ ತತ್ತರಿಸಿದ ಅಥೆನ್ಸ್‌ನವರು ಆಕ್ರೊಪೊಲಿಸ್ ಬೆಟ್ಟವನ್ನು ನಡುಹಗಲಿನಲ್ಲಿ ಮುಚ್ಚಿದರು. ನಮ್ಮ ಹೊಲದವರು ಈ ಲೆಕ್ಕವನ್ನು ಯಾರಿಂದಲೂ ಕಲಿತದ್ದಲ್ಲ.

ಹೋಗಿ ಬರುವ ಖರ್ಚಿನ ಮಾತು ಮೊದಲು ಮುಗಿಸೋಣ. ಬಾಗೇವಾಡಿಯಿಂದ ವಿಜಯಪುರ ಸುಮಾರು 45 ಕಿ.ಮೀ., ಇಂಡಿಯಿಂದ 55ರ ಆಸುಪಾಸು, ಸಿಂದಗಿಯಿಂದ 60, ಮುದ್ದೇಬಿಹಾಳದಿಂದ 80. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ದುಡ್ಡಿಲ್ಲ. ನಮ್ಮ ಅಕ್ಕ, ಅವ್ವಂದಿರು ಈ ಬಸ್ಸಿನಲ್ಲಿ ಕೂಡಲಸಂಗಮ ಮುಟ್ಟಿದರು, ಸವದತ್ತಿ ಎಲ್ಲಮ್ಮನ ಗುಡ್ಡ ಏರಿದರು. ವಿಜಯಪುರದ ಕೋಟೆ ಸುತ್ತಿದವರು ಮಾತ್ರ ಕಡಿಮೆ. ರೈಲು ಬೇಕೆನ್ನುವವರಿಗೆ ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣಗಳಿವೆ. ‘ರೋಡ್’ ಎಂಬ ಬಾಲಂಗೋಚಿ ಇದ್ದಲ್ಲಿ ಊರು ಸ್ಟೇಷನ್ನಿನಿಂದ ಇನ್ನೊಂದು ಗಾಡಿಯ ದೂರದಲ್ಲಿರುತ್ತದೆ ಎಂಬುದು ನೆನಪಿರಲಿ. ಸಿಂದಗಿ, ಮುದ್ದೇಬಿಹಾಳಕ್ಕೆ ಆ ಭಾಗ್ಯವೂ ಇಲ್ಲ. ತಂಗಲಿಕ್ಕೆ ಲಾಡ್ಜುಗಳು ಬೇಕಾದಷ್ಟಿವೆ, ಸರ್ಕಾರದ ಮಯೂರ ಆದಿಲ್ ಶಾಹಿಯೂ ಇದೆ. ಹೊರಡುವುದು ಮಧ್ಯಾಹ್ನದ ಬಸ್ಸಿಗಾದರೆ ಒಳ್ಳೆಯದು. ಮೊದಲ ಸಂಜೆ ಸುಮ್ಮನೆ ಗಾಂಧಿ ಚೌಕದಲ್ಲಿ ಅಡ್ಡಾಡಿ, ಮಿರ್ಚಿ ಭಜಿ ತಿಂದು, ಬೇಗ ಮಲಗಬೇಕು. ಮರುದಿನ ನಸುಕಿನಲ್ಲಿ ಏಳುವುದಿದೆ.

ಗೋಳಗುಮ್ಮಟದ ಗೇಟು ಮುಂಜಾನೆ ಆರಕ್ಕೆ ತೆರೆಯುತ್ತದೆ. ಆರಕ್ಕೇ ಹೋಗಿ. ಒಂಬತ್ತರ ಮೇಲೆ ಅದು ಬೇರೆಯೇ ಕಟ್ಟಡ. ಮಕ್ಕಳು ಕಿರುಚುತ್ತಾರೆ, ದೊಡ್ಡವರು ಅವರಿಗಿಂತ ಜೋರಾಗಿ ಕಿರುಚುತ್ತಾರೆ, ಗುಮ್ಮಟ ಎಲ್ಲವನ್ನೂ ಮಡಿಸಿ ಮಡಿಸಿ ವಾಪಸ್ ಎಸೆಯುತ್ತದೆ. ಆರು ಗಂಟೆಗಾದರೆ ವಾಕಿಂಗ್ ಬಂದ ಊರಿನವರು ನಾಲ್ಕು ಮಂದಿ, ಪಾರಿವಾಳ, ಗಿಳಿ.

ಮೊಹಮ್ಮದ್ ಆದಿಲಶಾಹ 1656ರಲ್ಲಿ ತೀರಿಕೊಂಡ. ಅವನ ಗೋರಿಯಾದ ಈ ಕಟ್ಟಡದ ಕೆಲಸ ನಿಂತದ್ದೂ ಆಗಲೇ. ಅದೇ ವರ್ಷ ರೋಮಿನಲ್ಲಿ ಬರ್ನಿನಿ ಎಂಬ ಶಿಲ್ಪಿ ಸಂತ ಪೀಟರನ ಇಗರ್ಜಿಯ ಮುಂದಿನ ಕಂಬಸಾಲಿನ ಚೌಕವನ್ನು ಶುರು ಮಾಡಿದ್ದ. ‘ಜಗತ್ತಿನಲ್ಲಿ ಎರಡನೆಯ ದೊಡ್ಡ ಗುಮ್ಮಟ’ ಎಂದು ಗೈಡುಗಳು ಹೇಳುತ್ತಾರೆ, ನಮ್ಮ ಶಾಲೆಯ ಪುಸ್ತಕದಲ್ಲೂ ಓದಿದ್ದೇವೆ. ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ರೋಮಿನ ಪ್ಯಾಂಥಿಯನ್, ಸಂತ ಪೀಟರನ ಇಗರ್ಜಿ, ಫ್ಲಾರೆನ್ಸಿನ ಇಗರ್ಜಿ ಮೂರೂ ಇದಕ್ಕಿಂತ ಅಗಲ. ಇದನ್ನು ಒಪ್ಪಿಕೊಂಡರೆ ನಮ್ಮದೇನೂ ಸಣ್ಣದಾಗುವುದಿಲ್ಲ. ನಡುವೆ ಒಂದೂ ಕಂಬವಿಲ್ಲದೆ ಸುಮಾರು 1,700 ಚದರ ಮೀಟರ್ ನೆಲದ ಮೇಲೆ ಇದನ್ನು ನಿಲ್ಲಿಸಿದ ಉಪಾಯ ನೋಡಬೇಕು. ಅದಕ್ಕೆ ನೆಲದ ಮೇಲೆ ನಿಂತು ಕತ್ತು ಎತ್ತಿ. ಚೌಕ ಕೋಣೆಯ ನಾಲ್ಕೂ ಗೋಡೆಯಿಂದ ಎಂಟು ಕಮಾನುಗಳು ಎದ್ದು, ಒಂದನ್ನೊಂದು ಅಡ್ಡ ಹಾಯ್ದು, ಮೇಲೆ ಎಂಟು ಮೂಲೆಯ ನಕ್ಷತ್ರ ಮಾಡಿವೆ. ಆ ನಕ್ಷತ್ರದ ಒಳಗಿನ ದುಂಡಿನ ಮೇಲೆ ಗುಮ್ಮಟ ಕೂತಿದೆ. ಗುಮ್ಮಟ ಹೊರಕ್ಕೆ ತಳ್ಳುತ್ತದೆ, ಒಳಕ್ಕೆ ವಾಲಿದ ಕಮಾನುಗಳ ಭಾರ ಅದನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಲೆಕ್ಕ ಸರಿಹೋಯಿತು.

ನಂತರ ಮೂಲೆಯ ಗೋಪುರದ ಮೆಟ್ಟಿಲು. ಏಳು ಅಂತಸ್ತು, ನೂರಕ್ಕೂ ಹೆಚ್ಚು ಮೆಟ್ಟಿಲು, ಒಂದೊಂದೂ ಮೊಣಕಾಲಿಗೆ ಬರುವಷ್ಟು ಎತ್ತರ. ವಯಸ್ಸಾದವರು ಪ್ರತಿ ಅಂತಸ್ತಿನ ಕಿಟಕಿಯ ಹತ್ತಿರ ನಿಂತು ಉಸಿರು ತೆಗೆದುಕೊಳ್ಳಬೇಕು, ಗಾಳಿ ಚೆನ್ನಾಗಿ ಬರುತ್ತದೆ. ಮೇಲೆ ಗುಮ್ಮಟದೊಳಗೆ ಸುತ್ತಲೂ ಮೂರು ಮೀಟರಿಗೂ ಹೆಚ್ಚು ಅಗಲದ ಕಟ್ಟೆ. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ‘ಓ’ ಎಂದು ಕೂಗುವುದು. ಕೂಗಿದರೆ ಮರುದನಿ ಏಳು ಸಲ, ಅದಕ್ಕೂ ಹೆಚ್ಚು ಸಲ ಬರುತ್ತದೆ, ಸರಿ. ಆದರೆ ಪಿಸುಮಾತಿನ ಚಮತ್ಕಾರ ಬೇರೆಯದು, ಅದು ಗದ್ದಲದಲ್ಲಿ ಕೇಳುವುದಿಲ್ಲ. ಜೊತೆಯವರನ್ನು ಎದುರು ಬದಿಗೆ ಕಳಿಸಿ ಗೋಡೆಗೆ ಕಿವಿ ಹಚ್ಚಿ ಕೂಡಲು ಹೇಳಿ. ನೀವು ಈ ಬದಿಯ ಗೋಡೆಗೆ ಬಾಯಿ ಹತ್ತಿರ ತಂದು, ಮನೆಯಲ್ಲಿ ಮಲಗಿದ ಕೂಸು ಏಳದಷ್ಟು ಮೆತ್ತಗೆ, ‘ಚಹಾ ಆತೇನು?’ ಎನ್ನಿ. ಕಡ್ಡಿ ಗೀರಿದ ಸಪ್ಪಳ, ಕಾಗದ ಹರಿದ ಸಪ್ಪಳವೂ ಆ ಕಡೆ ಮುಟ್ಟುತ್ತದೆ. ದನಿ ಬಯಲಿನಲ್ಲಾದರೆ ನಾಲ್ಕೂ ದಿಕ್ಕಿಗೆ ಚದುರಿ ಸಾಯುತ್ತದೆ. ಇಲ್ಲಿ ಬಾಗಿದ ಗೋಡೆ ಅದನ್ನು ಬಿಟ್ಟುಕೊಡದೆ ತನ್ನ ಮೈಗುಂಟ ಸಣ್ಣ ಸಣ್ಣ ಜಿಗಿತದಲ್ಲಿ ಸಾಗಿಸುತ್ತದೆ. ಲಂಡನ್ನಿನ ಸಂತ ಪಾಲ್ ಇಗರ್ಜಿಯಲ್ಲೂ ಇಂಥದೇ ಕಟ್ಟೆ ಇದೆ. ಆ ಇಗರ್ಜಿಯನ್ನು ಕಟ್ಟಲು ಶುರು ಮಾಡಿದ್ದು 1675ರಲ್ಲಿ, ಅಂದರೆ ನಮ್ಮದು ಎದ್ದು ನಿಂತ ಮೇಲೆ. ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರ‍್ಯಾಲಿ ಆ ಪಿಸುಗಟ್ಟೆಯ ದನಿಗೆ ಲೆಕ್ಕ ಕಟ್ಟಿದ. 1921ರಲ್ಲಿ ಅದೇ ಇಗರ್ಜಿಯೊಳಗೆ ಪ್ರಯೋಗ ಮಾಡಿದ ನಮ್ಮ ಸಿ.ವಿ. ರಾಮನ್, ಪಿಸುಗಟ್ಟೆಗಳ ಬಗ್ಗೆ ಬರೆಯುವಾಗ ಗೋಳಗುಮ್ಮಟವನ್ನೂ ಲೆಕ್ಕಕ್ಕೆ ತೆಗೆದುಕೊಂಡರು.

ಕೆಳಗಿಳಿದ ಮೇಲೆ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯ. ಶುಕ್ರವಾರ ರಜೆ. ಶಾಸನ, ವೀರಗಲ್ಲು, ಜೈನ ಮೂರ್ತಿ, ಆದಿಲಶಾಹಿ ಹತಾರಗಳೆಲ್ಲ ಒಂದೇ ಸೂರಿನಡಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟಿಕೆಟ್ ಇಲ್ಲ, ಏಪ್ರಿಲ್ 18ರ ವಿಶ್ವ ಪರಂಪರೆ ದಿನದಂದು ಸಾಮಾನ್ಯವಾಗಿ ದೊಡ್ಡವರಿಗೂ ಇರುವುದಿಲ್ಲ.

ನಡುಹಗಲಿನಲ್ಲಿ ಏನು ನೋಡುವುದು ಎಂದು ಕೇಳಬೇಡಿ. ಏನೂ ನೋಡಬಾರದು. ಸ್ಪೇನಿನ ದಕ್ಷಿಣದ ಊರುಗಳಲ್ಲಿ ಮಧ್ಯಾಹ್ನ ಅಂಗಡಿ ಮುಚ್ಚಿ ಮಲಗುವ ರೂಢಿ ಇದೆ, ಅದನ್ನು ನೋಡಲೆಂದೇ ಪ್ರವಾಸಿಗರು ಹೋಗುತ್ತಾರೆ. ನಾವು ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಸಿಕ್ಕರೆ ಕೊಲ್ಹಾರದ ಗಡಿಗೆ ಮೊಸರು ಉಂಡು ಫ್ಯಾನಿನಡಿ ಅಡ್ಡಾದರಾಯಿತು. ಇಂಡಿಯವರಿಗೊಂದು ಮಾತು: ದಾರಿಗೆ ಬಣ್ಣದ ಬಾಟಲಿ ಕೊಳ್ಳಬೇಡಿ. 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಲಿಂಬೆ ನಿಮ್ಮ ತೋಟದಲ್ಲೇ ಇದೆ. ನಾಲ್ಕು ಹಣ್ಣು, ಒಂದಿಷ್ಟು ಉಪ್ಪು-ಸಕ್ಕರೆ ಚೀಲದಲ್ಲಿ ಹಾಕಿಕೊಳ್ಳಿ. ಸ್ಮಾರಕಗಳ ಆವರಣದಲ್ಲಿ ಕುಡಿಯುವ ನೀರು ಬೇಕಾದಾಗ ಸಿಗುತ್ತದೆಂಬ ನಂಬಿಕೆ ನನಗಿಲ್ಲ.

ಸಂಜೆ ಐದಕ್ಕೆ ಟಾಂಗಾ ಹಿಡಿಯಿರಿ. ಆಟೋ ಬಂದ ಮೇಲೆ ಟಾಂಗಾಗಳು ಕಡಿಮೆಯಾಗಿವೆ, ಆದರೆ ಇಂದಿಗೂ ಕುದುರೆಯ ಟಪಟಪದಲ್ಲಿ ಸುತ್ತಾಡಬಹುದಾದ ಊರು ನಮ್ಮ ರಾಜ್ಯದಲ್ಲಿ ಇನ್ನೆಷ್ಟಿವೆ? ಬಾಡಿಗೆ ಮೊದಲೇ ಮಾತಾಡಿಕೊಳ್ಳಬೇಕು. ಪಡುವಣ ಕೋಟೆಗೋಡೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ಉದ್ದ ಸುಮಾರು ನಾಲ್ಕೂವರೆ ಮೀಟರ್, ತೂಕ 55 ಟನ್ ಎನ್ನುತ್ತಾರೆ. ಅದರ ಬಾಯಿಯನ್ನು ಹತ್ತಿರದಿಂದ ನೋಡಿ: ಸಿಂಹದಂಥ ಪ್ರಾಣಿ ದವಡೆ ತೆರೆದಿದೆ, ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿದೆ. ಉರಿ ಬಿಸಿಲಿನಲ್ಲೂ ಈ ತೋಪಿನ ಮೈ ತಣ್ಣಗಿರುತ್ತದೆ ಎಂಬ ಮಾತಿದೆ. ಬೇಸಿಗೆಯಲ್ಲಿ ಹೋದವರು ಕೈ ಇಟ್ಟು ತಾವೇ ತೀರ್ಮಾನಿಸಬಹುದು.

ಮುದ್ದೇಬಿಹಾಳದವರು ಈ ತೋಪು ಕೂತ ಕೋಟೆಗೋಡೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಅದರ ಬೇರು ಅವರ ನೆಲದಲ್ಲೇ ಇದೆ. 1565ರ ಜನವರಿ 23ರಂದು ವಿಜಯನಗರ ಸೋತ ಯುದ್ಧವನ್ನು ತಾಳಿಕೋಟಿ ಯುದ್ಧ ಎನ್ನುತ್ತೇವೆ, ರಕ್ಕಸಗಿ–ತಂಗಡಗಿ ಎಂದೂ ಹೇಳುತ್ತೇವೆ. ತಾಳಿಕೋಟಿ ಈಚೆಗೆ ತಾಲೂಕಾಗುವ ತನಕ ಎಲ್ಲವೂ ಮುದ್ದೇಬಿಹಾಳದ ಊರುಗಳೇ. ಆ ಯುದ್ಧದಲ್ಲಿ ದೊರೆತ ಸಂಪತ್ತೇ ವಿಜಯಪುರದ ಕಟ್ಟಡಗಳಿಗೆ ಕಲ್ಲು-ಸುಣ್ಣವಾಯಿತು. ಊರ ಸುತ್ತಲಿನ ಕೋಟೆಯಾಗಲಿ, ಜುಮ್ಮಾ ಮಸೀದಿಯಾಗಲಿ ಮೊದಲನೆಯ ಅಲಿ ಆದಿಲಶಾಹನ ಕಾಲದವು. ಒಂದು ಪಟ್ಟಣ ಹಾಳಾದ ದುಡ್ಡಿನಲ್ಲಿ ಇನ್ನೊಂದು ಪಟ್ಟಣ ಏಳುವುದು ಯುರೋಪಿನಲ್ಲೂ ಹೊಸತಲ್ಲ. ವೆನಿಸ್ಸಿನ ಸಂತ ಮಾರ್ಕನ ಇಗರ್ಜಿಯ ಕಂಚಿನ ಕುದುರೆಗಳು ಕಾನ್‌ಸ್ಟಾಂಟಿನೋಪಲ್ ಲೂಟಿಯಿಂದ ಬಂದವು. ಹಂಪಿ ನೋಡಿದವರು ವಿಜಯಪುರ ನೋಡದಿದ್ದರೆ ಕಥೆ ಅರ್ಧವೇ ತಿಳಿದಂತೆ.

ಹೊತ್ತು ಮುಳುಗುವ ವೇಳೆಗೆ ಬಾರಾ ಕಮಾನ್. ಎರಡನೆಯ ಅಲಿ ತನಗಾಗಿ ಶುರು ಮಾಡಿಸಿದ ಗೋರಿ. 1672ರಲ್ಲಿ ಅವನು ಸತ್ತ, ಕೆಲಸ ನಿಂತಿತು, ಗೋಡೆ-ಗುಮ್ಮಟ ಬರಲೇ ಇಲ್ಲ. ಬರಿಯ ಕಮಾನುಗಳು ಆಕಾಶಕ್ಕೆ ತೆರೆದುಕೊಂಡಿವೆ. ಪೂರ್ತಿಯಾಗಿದ್ದರೆ ಇದರ ನೆರಳು ಗೋಳಗುಮ್ಮಟದ ಮೇಲೆ ಬೀಳುತ್ತಿತ್ತೆಂದು ಟಾಂಗಾದವರು ಹೇಳುತ್ತಾರೆ. ಅಷ್ಟು ದೂರಕ್ಕೆ ನೆರಳು ಹೋಗದು, ಆದರೂ ಕಥೆ ಚೆನ್ನಾಗಿದೆ.

ಎರಡನೆಯ ಮುಂಜಾನೆ ಇಬ್ರಾಹಿಂ ರೋಜಾಕ್ಕೆ ಮೀಸಲು. ಒಂದನ್ನೇ ನೋಡಲು ಸಾಧ್ಯ ಎಂದರೆ ನಾನು ಗೋಳಗುಮ್ಮಟ ಬಿಟ್ಟು ಇದನ್ನೇ ಆರಿಸುತ್ತೇನೆ. ಮಲಿಕ್ ಸಂದಲ್ ಎಂಬಾತ ಕಟ್ಟಿದ್ದು. ರಾಣಿ ತಾಜ್ ಸುಲ್ತಾನಳಿಗೆಂದು ಎದ್ದ ಗೋರಿಯೊಳಗೆ 1627ರಲ್ಲಿ ಮೊದಲು ಬಂದು ಮಲಗಿದವನು ಅವಳ ಗಂಡ, ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲಶಾಹ. ಅದರ ಕಿಟಕಿಗಳ ಮುಂದೆ ನಿಲ್ಲಿ. ಸರಳು, ಬಳ್ಳಿ ಇರಬೇಕಾದ ಕಡೆ ಅಕ್ಷರಗಳಿವೆ. ಕಲ್ಲಿನ ಹಲಗೆಯಲ್ಲಿ ಅರಬ್ಬಿ ಬರಹವನ್ನು ಆರಪಾರ ಕೊರೆದಿದ್ದಾರೆ, ಬೆಳಕು ಬರುವುದು ಬರಹದ ಸಂದಿನಿಂದಲೇ. ಒಳಕೋಣೆಯ ಚಾವಣಿ ಇನ್ನೊಂದು ಸೋಜಿಗ: ಸುಮಾರು 40 ಅಡಿ ಚೌಕದ ಕೋಣೆ, ಮೇಲೆ ನಡುವೆಲ್ಲ ಚಪ್ಪಟೆ ಕಲ್ಲು, ಕೆಳಗೆ ತೊಲೆಯಿಲ್ಲ, ಕಂಬವಿಲ್ಲ. ಗಾರೆಯ ಹಿಡಿತದ ಮೇಲೆ ನಾಲ್ಕು ಶತಮಾನ ಕಳೆದಿದೆ.

ಈ ಇಬ್ರಾಹಿಂ ಸರಸ್ವತಿ, ಗಣಪತಿಯರನ್ನು ನೆನೆದು ‘ಕಿತಾಬ್-ಎ-ನವರಸ್’ ಹಾಡುಗಳನ್ನು ಕಟ್ಟಿದವನು. ಸಂಗೀತಕ್ಕೆಂದೇ ತೊರವಿಯ ಹತ್ತಿರ 1599ರಲ್ಲಿ ನವರಸಪುರ ಎಂಬ ಹೊಸ ಪಟ್ಟಣ ಶುರು ಮಾಡಿದ. ಅವನ ಆಸ್ಥಾನದಲ್ಲಿ ಕೊರ್ನೆಲಿಸ್ ಹೇಡಾ ಎಂಬ ಡಚ್ ಚಿತ್ರಕಾರನಿದ್ದ. ಹಾರ್ಲೆಮ್ ಊರಿನವನು. ಪ್ರಾಗ್‌ನಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫನ ಬಳಿ ಕೆಲಸ ಮಾಡಿ, ಪರ್ಶಿಯಾಕ್ಕೆಂದು ಹೊರಟು, ಕೊನೆಗೆ ಇಲ್ಲಿ ನೆಲೆನಿಂತ. ಪ್ರಾಗ್‌ನಿಂದ ವಿಜಯಪುರಕ್ಕೆ ಬಂದು, ತಿರುಗಿ ಹೋಗದೆ ಉಳಿದ ಮನುಷ್ಯ. ಅವನ ಚಿತ್ರಗಳಲ್ಲದಿದ್ದರೂ ಅವನು ಓಡಾಡಿರಬಹುದಾದ ಸಂಗೀತ ಮಹಲಿನ ಹಾಳು ಗೋಡೆಗಳು ತೊರವಿಯಲ್ಲಿವೆ. ಕುಮಾರ ವಾಲ್ಮೀಕಿಯ ತೊರವೆ ರಾಮಾಯಣದ ನರಸಿಂಹನ ಗುಡಿಯೂ ಅಲ್ಲೇ, ಒಂದೇ ಆಟೋ ಬಾಡಿಗೆಗೆ ಎರಡೂ ಆಗುತ್ತವೆ.

ರೋಜಾದಿಂದ ಊರೊಳಗೆ ಬರುವಾಗ ತಾಜ್ ಬಾವಡಿ. 1620ರಲ್ಲಿ ಅದೇ ರಾಣಿಯ ಹೆಸರಿನಲ್ಲಿ, ಅದೇ ಮಲಿಕ್ ಸಂದಲ್ ಕಟ್ಟಿದ ಹೊಂಡ. ಒಂದೊಂದು ಬದಿ ಇನ್ನೂರು ಅಡಿಗೂ ಮಿಕ್ಕಿದೆ. ಬಹಳ ವರ್ಷ ಕೊಳೆತು ನಾರುತ್ತಿತ್ತು, ಕೆಲ ವರ್ಷಗಳ ಹಿಂದೆ ಹೂಳೆತ್ತಿದರು. ಇದಕ್ಕಿಂತ ಹಳೆಯದು ಚಾಂದ್ ಬಾವಡಿ, 1579ರದು. ನದಿಯಿಲ್ಲದ ಕಡೆ ಇಷ್ಟು ದೊಡ್ಡ ರಾಜಧಾನಿ ಕಟ್ಟಿದವರಿಗೆ ನೀರೇ ಮೊದಲ ಚಿಂತೆ. ತೊರವಿ ಕಡೆಯಿಂದ ಸುರಂಗದಲ್ಲಿ, 1651ರ ಬೇಗಂ ತಾಲಾಬಿನಿಂದ ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ನೀರು ತಂದರು. ದಾರಿಯಲ್ಲಿ ಅಲ್ಲಲ್ಲಿ ಚೌಕ ಗೋಪುರ ಕಟ್ಟಿ ನೀರಿನ ಒತ್ತಡ ಇಳಿಸಿದರು, ಕೆಸರು ತಳಕ್ಕೆ ಕೂಡುವಂತೆ ಮಾಡಿದರು. ಆ ಗೋಪುರಗಳು ಇಂದಿಗೂ ಊರೊಳಗೆ ಮನೆ-ಅಂಗಡಿಗಳ ನಡುವೆ ನಿಂತಿವೆ. ಫಲಕವಿಲ್ಲ, ಹಾದುಹೋಗುವವರಿಗೆ ಅದೇನೆಂದು ತಿಳಿಯುವುದಿಲ್ಲ. ನನ್ನ ಕೈಯಲ್ಲಿದ್ದರೆ ಗೋಳಗುಮ್ಮಟದ ಮುಂದಿನ ಹೊಸ ದೀಪಗಳ ಖರ್ಚನ್ನು ಈ ಫಲಕಗಳಿಗೆ ಹಾಕುತ್ತಿದ್ದೆ.

ಸಿಂದಗಿಯವರಿಗೆ ಹಿಂತಿರುಗುವ ದಾರಿಯಲ್ಲೇ ಒಂದು ಬಹುಮಾನವಿದೆ. ವಿಜಯಪುರದಿಂದ ಸುಮಾರು 20 ಕಿ.ಮೀ. ಬಂದರೆ ಕುಮಟಗಿ. ದಿನವೂ ಬಸ್ಸಿನ ಕಿಟಕಿಯಿಂದ ಕಾಣುವ ಊರು, ಇಳಿದವರು ಅಪರೂಪ. ಇದು ಆದಿಲಶಾಹಿಗಳ ಬೇಸಿಗೆಯ ಬಿಡಾರ. ಅರಮನೆಯ ಸೆಕೆ ತಾಳದೆ ಅವರು ಹೊರಟು ಬರುತ್ತಿದ್ದ ಜಾಗ. ಚೌಕ ಹೊಂಡದ ನಡುವೆ ಎರಡು ಅಂತಸ್ತಿನ ಪುಟ್ಟ ಮಹಲು, ಅದಕ್ಕೆ ಹೋಗಲು ಸಣ್ಣ ಕಾಲುಸೇತುವೆ. ಪಕ್ಕದ ಕೆರೆಯ ನೀರನ್ನು ಎತ್ತರದ ತೊಟ್ಟಿಗೆ ಏರಿಸಿ, ಅಲ್ಲಿಂದ ಕೊಳವೆಯಲ್ಲಿ ಮಹಲಿಗೆ ಹರಿಸಿ, ಚಾವಣಿಯ ತೂತುಗಳಿಂದ ತುಂತುರು ಮಳೆಯಂತೆ ಸುರಿಸುವ ಏರ್ಪಾಡು. ಮೇ ತಿಂಗಳ ಮಧ್ಯಾಹ್ನ ಗೋಡೆಯ ಸುತ್ತ ನೀರು, ತಲೆಯ ಮೇಲೆ ನೀರು. ಈಗ ಕೊಳವೆ ಒಣಗಿವೆ, ಹೊಂಡವೂ ಬಹುಪಾಲು ಒಣಗಿರುತ್ತದೆ. ಹಾಗಿದ್ದಾಗಲೇ ಒಳ್ಳೆಯದು, ಸಾಲು ಸಾಲು ತೂತು, ಗೋಡೆಯೊಳಗಿನ ಕೊಳವೆಯ ಬಾಯಿ ಎಲ್ಲ ಬಯಲಾಗಿ, ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತೆಂದು ಬೆರಳಿಟ್ಟು ಹೇಳಬಹುದು. ಹತ್ತಿರದ ಮಂಟಪದ ಗೋಡೆಗಳಲ್ಲಿ ಬಣ್ಣದ ಚಿತ್ರಗಳಿದ್ದವು: ಕುದುರೆಯೇರಿ ಚೆಂಡಾಡುವವರು, ಕುಸ್ತಿಯವರು, ಹಾಡುವವರು, ಯುರೋಪಿನ ಉಡುಪು ತೊಟ್ಟವರು. ನೂರು ವರ್ಷದ ಹಿಂದೆ ವಿಜಯಪುರದ ಕಟ್ಟಡಗಳ ಬಗ್ಗೆ ದೊಡ್ಡ ಪುಸ್ತಕ ಬರೆದ ಹೆನ್ರಿ ಕಸೆನ್ಸ್ ಇವನ್ನು ಗುರುತಿಸಿದ್ದ. ಈಗ ಕಣ್ಣು ಕಿರಿದು ಮಾಡಿ ಹುಡುಕಬೇಕು, ಮೇಲೆಲ್ಲ ಮೊಳೆಯಿಂದ ಕೊರೆದ ಪ್ರೇಮಿಗಳ ಹೆಸರು. ಸೊಂಟಕ್ಕೆ ಪಂಚೆ ಸಿಕ್ಕಿಸಿದ ಕುಸ್ತಿಯವನೊಬ್ಬನ ತೊಡೆಯ ಮೇಲೇ ಒಂದು ಬಾಣ ಚುಚ್ಚಿದ ಹೃದಯ.

ಬಾಗೇವಾಡಿ, ಮುದ್ದೇಬಿಹಾಳದವರಿಗೆ ಕುಮಟಗಿ ಅಡ್ಡದಾರಿ. ಅವರು ಆಲಮಟ್ಟಿಯ ಮೇಲೆ ಹಾಯ್ದು ಹೋಗಲಿ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟು, ಅದರ ಕೆಳಗಿನ ತೋಟ, ಸಂಜೆಯ ಸಂಗೀತ ಕಾರಂಜಿ. ಕಾರಂಜಿ ಮುಗಿಯುವ ತನಕ ಕುಳಿತರೆ ಮುದ್ದೇಬಿಹಾಳದ ಬಸ್ಸು ಸಿಗುವುದು ಕಷ್ಟ. ಅಂಥವರು ನಿಡಗುಂದಿಯಲ್ಲಿ ಬೀಗರ ಮನೆ ಇದ್ದರೆ ಮೊದಲೇ ಫೋನು ಮಾಡಿಟ್ಟಿರುವುದು ಒಳ್ಳೆಯದು.